ನೀರಿನ ಟ್ಯಾಂಕ್ ತಿರುವಿನಲ್ಲಿ ನಿಂತಿದ್ದವನು

ಏಪ್ರಿಲ್ 10, ಶುಕ್ರವಾರ

ಇಂದು ಬೆಳಿಗ್ಗೆ ನಮ್ಮ ಊರಿನ ದಿನಪತ್ರಿಕೆ ತನ್ನ ಐದನೇ ಪುಟದಲ್ಲಿ ನನ್ನ ತಂಗಿಯನ್ನು ಮತ್ತೆ ನಗೆಪಾಟಲು ಮಾಡಿತು. ‘ಇವತ್ತೇನು ವಿಶೇಷ’ ಎಂಬ ಅಂಕಣ ಶುರುವಾದಂದಿನಿಂದ ಪ್ರತಿ ಏಪ್ರಿಲ್ ಹತ್ತಕ್ಕೂ ಇದೇ ಕಥೆ. ಇದು ಆರನೆಯ ಸಲ. ಆರೂ ಕತ್ತರಿಕೆಗಳು ನನ್ನ ಬಳಿ ಇವೆ.

ಅಂಕಣದಲ್ಲಿ ದಿನಕ್ಕೆ ಮೂರು ತುಣುಕು: ಒಂದು ಚರಿತ್ರೆಯದು, ಒಂದು ಆಟದ್ದು, ಒಂದು ಸಂಗೀತದ್ದು. ಪ್ರತಿಯೊಂದರ ಬಾಲಕ್ಕೂ ಒಂದು ನಗೆಚಟಾಕಿ. ಬರೆಯುವಾಕೆ ಪತ್ರಿಕೆಯ ಉಪಸಂಪಾದಕಿ. ಇಂದಿನ ಆಟದ ತುಣುಕನ್ನು ಇದ್ದ ಹಾಗೆ ಇಳಿಸುತ್ತೇನೆ:

“ನಲವತ್ತೊಂದು ವರ್ಷಗಳ ಹಿಂದೆ ಇದೇ ದಿನ ನಮ್ಮ ಊರಿನ ಮೊದಲ ಮಹಿಳಾ ಹತ್ತು ಕಿಲೋಮೀಟರ್ ಓಟ. ಇನ್ನೂರು ಮೀಟರ್ ಮುಂದಿದ್ದ ಹುಡುಗಿ, ನೀರಿನ ಟ್ಯಾಂಕ್ ತಿರುವಿನಲ್ಲಿ ಬಾವುಟದವನು ಬಲಕ್ಕೆ ತೋರಿಸುತ್ತಿದ್ದರೂ ಎಡಕ್ಕೆ ತಿರುಗಿ ನೇರ ತರಕಾರಿ ಮಾರುಕಟ್ಟೆ ತಲುಪಿದಳು. ಗೆದ್ದವಳಿಗೆ ಕಪ್, ಮುಂದಿದ್ದವಳಿಗೆ ಬದನೆಕಾಯಿ!”

ಮೊದಲನೆಯದಾಗಿ ಅದು ಇನ್ನೂರಲ್ಲ, ಮುನ್ನೂರು ಮೀಟರ್. ಚರಿತ್ರೆಯ ತುಣುಕಿನಲ್ಲೂ ತಪ್ಪಿದೆ. 1896ರ ಇದೇ ದಿನ ಅಥೆನ್ಸಿನಲ್ಲಿ ನಡೆದ ಮ್ಯಾರಥಾನ್ 42.195 ಕಿಲೋಮೀಟರ್ ಎಂದು ಬರೆದಿದ್ದಾಳೆ. ಆಗ ಓಡಿದ್ದು ಸುಮಾರು ನಲವತ್ತು ಮಾತ್ರ. ಈಗಿನ ಅಳತೆ ಬಂದದ್ದು 1908ರ ಲಂಡನ್ ಓಟದಿಂದ. ರೈಲ್ವೆ ವೇಳಾಪಟ್ಟಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ಕೂತು ಅಂಕಿ ತಿದ್ದಿದವನು ನಾನು. ಅಲ್ಲಿ ಒಂದು ಅಂಕಿ ತಪ್ಪಿದರೆ ಇನ್ನೂರು ಜನ ಪೆಟ್ಟಿಗೆ ಹಿಡಿದು ಖಾಲಿ ಹಳಿ ನೋಡುತ್ತಾ ನಿಲ್ಲಬೇಕಾಗುತ್ತಿತ್ತು. ಇಲ್ಲಿ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಈಕೆ ಭಾವಿಸಿದ್ದಾಳೆ.

ಆ ಬಾವುಟದವನು ನಾನೇ. ಆಗ ನನಗೆ ಇಪ್ಪತ್ತೆರಡು, ತಂಗಿಗೆ ಹತ್ತೊಂಬತ್ತು. ಎದುರು ಬಿಸಿಲು ಕಣ್ಣಿಗೆ ಹೊಡೆದು ಅವಳಿಗೆ ಬಾವುಟ ಕಾಣಲಿಲ್ಲ. ನಡೆದದ್ದು ಇಷ್ಟೇ. ಮೊದಲು ಬಂದ ಇಬ್ಬರು ರಾಜ್ಯಮಟ್ಟದ ಕೂಟಕ್ಕೆ ಹೋದರು. ಇವಳು ಮತ್ತೆ ಯಾವ ಸ್ಪರ್ಧೆಯಲ್ಲೂ ಓಡಲಿಲ್ಲ. ಶಾಲೆಯಲ್ಲಿ ಆಟದ ಟೀಚರ್ ಆದಳು. ಹಳಬರ ಬಾಯಲ್ಲಿ ಇವತ್ತಿಗೂ ಅವಳು ‘ಅಡ್ಡದಾರಿ ಟೀಚರ್’.

ಪತ್ರಿಕೆಗೆ ನಾಲ್ಕು ಪುಟದ ಪತ್ರ ಬರೆದೆ. ಹೆಂಡತಿ ಅಂಚೆಚೀಟಿ ಹುಡುಕಿಕೊಡುತ್ತಾ, “ರೀ, ನಿಮ್ಮ ಪತ್ರ ಓದೋಕೇಂತ್ಲೇ ಅವರು ಒಬ್ಬರನ್ನ ಇಟ್ಕೊಂಡಿರಬೇಕು. ಪಾಪ, ಒಂದು ಕುಟುಂಬ ನಿಮ್ಮಿಂದ ಬದುಕ್ತಿದೆ” ಎಂದಳು.

ಏಪ್ರಿಲ್ 11, ಶನಿವಾರ

ಆಗಬಾರದ್ದು ಆಯಿತು. ಈ ವರ್ಷದ ಓಟ ಇದೇ ಇಪ್ಪತ್ತಾರರ ಭಾನುವಾರ. ತಿಂಗಳ ಕೊನೆಗೆ ತಂಗಿ ನಿವೃತ್ತಳಾಗುವುದರಿಂದ ಬಾವುಟ ಬೀಸಿ ಓಟ ಶುರುಮಾಡಲು ಅವಳನ್ನೇ ಕೇಳಿದ್ದರು. ಅವಳು ತಯಾರು ಮಾಡಿದ ಹನ್ನೊಂದು ಹುಡುಗಿಯರು ಓಡುತ್ತಿದ್ದಾರೆ. ಒಂದು ತಿಂಗಳಿಂದ ಆ ಬಾವುಟದ ಸಂಭ್ರಮ ಅವಳ ಮುಖದಲ್ಲಿತ್ತು, ಬಾಯಲ್ಲಿ ಹೇಳದಿದ್ದರೂ.

ಇಂದು ಓಟದ ಸಮಿತಿಯ ಕಾರ್ಯದರ್ಶಿ, ಅಂದರೆ ಔಷಧಿ ಅಂಗಡಿಯವನು, ಅವಳ ಮನೆಗೆ ಹೋಗಿ ಹೇಳಿದನಂತೆ: “ಟೀಚರ್, ಎಲ್ಲರ ಫೋನಲ್ಲೂ ಬದನೆಕಾಯಿ ಚಿತ್ರ ಓಡಾಡ್ತಿದೆ. ನೀವು ಬಾವುಟ ಎತ್ತಿದ್ರೆ ‘ಯಾವ ಕಡೆ ಓಡೋಣ’ ಅಂತ ಹುಡುಗರು ಕೂಗ್ತಾರೆ. ನಿಮ್ಮ ಮರ್ಯಾದೆಗೇ ಹೇಳ್ತಿರೋದು. ಈ ಸಲ ಸುಮ್ನೆ ವೇದಿಕೆ ಮೇಲೆ ಕೂತ್ಕೊಳ್ಳಿ.” ಬಾವುಟ ಟೈಲ್ಸ್ ಅಂಗಡಿಯ ಮಾಲೀಕನ ಕೈಗೆ ಹೋಗುತ್ತದಂತೆ.

ನಾನು ಹೋದಾಗ ಅವಳು ಚೆಂಡಿಗೆ ಗಾಳಿ ಹೊಡೆಯುತ್ತಿದ್ದಳು.

“ಬಿಡೋ ಅಣ್ಣ. ತಪ್ಪಿದ್ದು ನಾನೇ ತಾನೆ. ಅವರೇನು ಸುಳ್ಳು ಬರೆದಿಲ್ವಲ್ಲ.”

“ಬಿಸಿಲು ಕಣೇ, ಬಿಸಿಲು! ಅದನ್ನ ಯಾರೂ ಬರೆಯಲ್ಲ.”

“ಹೂಂ” ಎಂದಳು. ಚೆಂಡನ್ನು ಒಮ್ಮೆ ನೆಲಕ್ಕೆ ಕುಟ್ಟಿ ನೋಡಿ ಇನ್ನೂ ಸ್ವಲ್ಪ ಗಾಳಿ ಹೊಡೆದಳು.

ಬಿಡುವುದಿಲ್ಲ. ಲಂಡನ್ನಿನ ಅದೇ 1908ರ ಓಟದಲ್ಲಿ ಮುಂದಿದ್ದ ಇಟಲಿಯವನು ಕ್ರೀಡಾಂಗಣದೊಳಗೇ ತಪ್ಪು ದಿಕ್ಕಿಗೆ ತಿರುಗಿದ. ಬಿದ್ದವನನ್ನು ಎಬ್ಬಿಸಿ ನಡೆಸಿದರೆಂದು ಬಹುಮಾನ ಕಿತ್ತುಕೊಂಡರು ನಿಜ, ಆದರೆ ಮರುದಿನ ರಾಣಿಯೇ ಅವನಿಗೊಂದು ಬಟ್ಟಲು ಕೊಟ್ಟಳು. ಇಲ್ಲಿ ನಲವತ್ತೊಂದು ವರ್ಷವಾದರೂ ತರಕಾರಿ.

ಏಪ್ರಿಲ್ 13, ಸೋಮವಾರ

ಇಂದಿನ ಸಂಗೀತದ ತುಣುಕು ಸರಿಯಾಗಿದೆ. 1742ರಲ್ಲಿ ಡಬ್ಲಿನ್ನಿನ ಒಂದು ಸಭಾಂಗಣದಲ್ಲಿ ಹೊಸ ಗಾಯನಕೃತಿಯ ಮೊದಲ ಪ್ರದರ್ಶನ. ಹೆಚ್ಚು ಜನ ಹಿಡಿಸಲೆಂದು ಗಂಡಸರು ಕತ್ತಿ ಬಿಟ್ಟು ಬರಬೇಕು, ಹೆಂಗಸರು ಲಂಗವನ್ನು ಅಗಲಿಸುವ ಬಳೆ ಬಿಟ್ಟು ಬರಬೇಕು ಎಂದು ಮೊದಲೇ ಪ್ರಕಟಣೆ ಕೊಟ್ಟಿದ್ದರು. “ನಮ್ಮ ಬಸ್ಸುಗಳಲ್ಲೂ ಪ್ರಯತ್ನಿಸಬಹುದು” ಎಂದು ಚಟಾಕಿ. ಪರವಾಗಿಲ್ಲ.

ಹನ್ನೊಂದು ಗಂಟೆಗೆ ಉಪಸಂಪಾದಕಿಯೇ ಫೋನ್ ಮಾಡಿದಳು.

“ಸರ್, ನೀವು ಇನ್ನೂರ ಹದಿನೇಳು ಪತ್ರದ ಸರ್ ತಾನೆ?”

“ಇನ್ನೂರ ಹತ್ತೊಂಬತ್ತು.”

“ಎರಡು ಅಂಚೆಯಲ್ಲಿರಬೇಕು. ಸರ್, ನಿಮ್ಮ ಪತ್ರ ಪೂರ್ತಿ ಓದಿದೆ. ಅವರು ನಿಮ್ಮ ತಂಗಿ ಅಂತ ನನಗೆ ಗೊತ್ತಿರಲಿಲ್ಲ. ಬೇಜಾರಾಯ್ತು. ತಪ್ಪಿದ್ರೆ ಅದೇ ಜಾಗದಲ್ಲಿ ತಿದ್ದುಪಡಿ ಹಾಕ್ತೀನಿ. ಓಟ ಶುರುವಾಗಿದ್ದು ಎಷ್ಟು ಗಂಟೆಗೆ?”

“ಬೆಳಿಗ್ಗೆ ಏಳಕ್ಕೆ. ಸರಿಯಾಗಿ ಏಳಕ್ಕೆ.”

“ಶಾಲೆ ಮೈದಾನದಿಂದ ಟ್ಯಾಂಕ್ ಕಡೆಗೆ ಅಂದ್ರೆ ಪಶ್ಚಿಮ. ಬೆಳಿಗ್ಗೆ ಏಳೂಕಾಲಿಗೆ ಸೂರ್ಯ ಪಶ್ಚಿಮದಲ್ಲಿದ್ದನಾ ಸರ್? ಇದ್ದಿದ್ರೆ ಹೇಳಿ, ಅದನ್ನ ಚರಿತ್ರೆ ತುಣುಕಿಗೇ ಹಾಕ್ತೀನಿ.”

ಪರಿಶೀಲಿಸಿ ಹೇಳುತ್ತೇನೆ ಎಂದೆ. ಹಿರಿಯರೊಡನೆ ಮಾತಾಡುವ ರೀತಿಯೇ ಇದು? ಆಕೆಗೂ ಐವತ್ತಾಗಿರಬಹುದು, ದನಿ ಕೇಳಿದರೆ.

ಏಪ್ರಿಲ್ 14, ಮಂಗಳವಾರ

ಬೆಳಿಗ್ಗೆ ಏಳು ಗಂಟೆ ಹದಿನಾರು ನಿಮಿಷಕ್ಕೆ ಟ್ಯಾಂಕ್ ತಿರುವಿನಲ್ಲಿ ನಿಂತೆ. ಶಾಲೆಯಿಂದ ಅಲ್ಲಿಗೆ ನಾಲ್ಕು ಕಿಲೋಮೀಟರ್. ತಂಗಿ ಆಗ ಕಿಲೋಮೀಟರಿಗೆ ನಾಲ್ಕು ನಿಮಿಷ ಓಡುತ್ತಿದ್ದಳು. ಹಾಗಾಗಿ ಹದಿನಾರು.

ಅವಳು ಬಂದ ದಿಕ್ಕಿನಿಂದಲೇ ನಡೆದು ಬಂದೆ. ಬಿಸಿಲು ಕತ್ತಿನ ಹಿಂದಕ್ಕೆ ಬೀಳುತ್ತಿತ್ತು.

ಎದುರಿನ ಬಟ್ಟೆ ಅಂಗಡಿಯ ಗಾಜಿನಿಂದ ಪ್ರತಿಫಲಿಸಿರಬಹುದು.

ಬಟ್ಟೆ ಅಂಗಡಿ ಆಗ ಇರಲಿಲ್ಲ.

ಏಪ್ರಿಲ್ 16, ಗುರುವಾರ

ಪತ್ರಿಕಾ ಕಚೇರಿಗೆ ಹೋಗಿದ್ದೆ. ಆಕೆಯ ಮೇಜಿನ ಮೇಲೆ ಒಂದು ಗಿಡ, ಮೂರು ಪೆನ್ನು, ನನ್ನ ಪತ್ರಗಳ ಒಂದು ಕಡತ. ಹವಾಮಾನವನ್ನೂ ನಿಧನವಾರ್ತೆಯನ್ನೂ ಆಕೆಯೇ ಬರೆಯುವುದಂತೆ. “ನಗೋಕೆ ಸಿಗೋದು ಇದೊಂದೇ ಅಂಕಣ ಸರ್” ಎಂದಳು.

ಹಳೆಯ ಸಂಚಿಕೆಗಳ ಕೋಣೆಯಲ್ಲಿ ಓಟದ ಮರುದಿನದ ವರದಿ ಸಿಕ್ಕಿತು. “ತಿರುವಿನಲ್ಲಿ ಸ್ವಯಂಸೇವಕರು ಸ್ಥಳದಲ್ಲಿದ್ದು ಬಾವುಟದಿಂದ ಬಲಕ್ಕೆ ತೋರಿಸುತ್ತಿದ್ದರೆಂದು ಎರಡನೆಯವಳಿಂದ ಕೊನೆಯವಳವರೆಗೆ ಎಲ್ಲ ಓಟಗಾರ್ತಿಯರೂ ದೃಢಪಡಿಸಿದ್ದಾರೆ. ಆದ್ದರಿಂದ ತೀರ್ಪುಗಾರರು ಮೇಲ್ಮನವಿಯನ್ನು ತಳ್ಳಿಹಾಕಿದರು.”

“ಮೇಲ್ಮನವಿ ಕೊಟ್ಟಿದ್ರಾ ನಿಮ್ಮ ತಂಗಿ?” ಎಂದು ಕೇಳಿದಳು.

“ಇಲ್ಲ... ಗೊತ್ತಿಲ್ಲ.”

“ಕೊಟ್ಟಿದ್ದಾರೆ ಅಂದ್ರೆ ಅವರಿಗೆ ಏನೋ ಅನುಮಾನ ಇತ್ತು ಸರ್. ನೋಡೋಣ ಇರಿ. ಅವತ್ತು ಬೆಳಿಗ್ಗೆಯೇ ಟ್ಯಾಂಕ್ ಪಕ್ಕದ ಪಾರ್ಕಿನಲ್ಲಿ ಊರಿನ ಬ್ಯಾಂಡ್ ಹೊಸ ದೊಡ್ಡ ಕೊಂಬು ಊದಿತ್ತಂತೆ, ಹಿತ್ತಾಳೆದು, ಮನುಷ್ಯನ ಮೈ ಸುತ್ತಿಕೊಳ್ಳುವಂಥದ್ದು. ಅದನ್ನ ಊದಿದ ಅಜ್ಜನ ಹತ್ರ ಫೋಟೋ ಇದೆ, ಕೊಡ್ತೀನಿ ಅಂದಿದ್ದಾರೆ. ಹಿಂದುಗಡೆ ತಿರುವು ಕಂಡ್ರೆ ನಿಮ್ಮ ಪುಣ್ಯ.”

ಮನೆಗೆ ಬಂದು ಊಟ ಮಾಡಿ ಮಲಗಿದೆ. ಮಧ್ಯಾಹ್ನ ಮಲಗುವವನಲ್ಲ ನಾನು.

ಏಪ್ರಿಲ್ 18, ಶನಿವಾರ

ಅಂಕಣದಲ್ಲಿ ಇಂದು: 1930ರ ಇದೇ ದಿನ ಲಂಡನ್ನಿನ ರೇಡಿಯೋದಲ್ಲಿ ವಾರ್ತೆಯ ಹೊತ್ತಿಗೆ “ಇಂದು ವಾರ್ತೆ ಇಲ್ಲ” ಎಂದು ಹೇಳಿ ಪಿಯಾನೋ ಕೇಳಿಸಿದರು. “ನಮ್ಮ ಸಂಪಾದಕರು ಇದನ್ನು ಓದದಿರಲಿ” ಎಂದು ಚಟಾಕಿ.

ಮಧ್ಯಾಹ್ನ ಫೋಟೋ ನೋಡಲು ಕರೆದಳು. ತಿರುವು ಕಾಣುವುದಿಲ್ಲ. ಪಾರ್ಕಿನ ಮಂಟಪ, ಸಮವಸ್ತ್ರದ ಹತ್ತು ಜನ, ನಡುವೆ ಆ ಕೊಂಬು. ಮಂಟಪದ ನೆತ್ತಿಯ ಗಡಿಯಾರ ಏಳು ಹದಿನಾರು ತೋರಿಸುತ್ತಿದೆ. ಕೊಂಬಿನ ಬಾಯಿಯ ಹತ್ತಿರ ಒಬ್ಬ ತರುಣ ಬಗ್ಗಿ ಒಳಗೆ ಇಣುಕುತ್ತಿದ್ದಾನೆ. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಕೋಲು.

“ಈ ಹುಡುಗನ್ನ ನೋಡಿ ಸರ್!” ಆಕೆ ನಕ್ಕಳು. “ಸಂಗೀತದಲ್ಲಿ ಮುಳುಗೋದು ಅಂದ್ರೆ ಇದೇ. ಏಪ್ರಿಲ್ ಹತ್ತು ದಾಟಿಹೋಗಿದೆ, ಆದ್ರೂ ಓಟದ ವಾರದ ವಿಶೇಷ ಅಂತ ಮಂಗಳವಾರ ಹಾಕಿಬಿಡ್ತೀನಿ. ಕಂಕುಳಲ್ಲಿ ಇರೋದು ಏನು, ಕೊಡೆನಾ?”

“ಹೌದು” ಎಂದೆ. “ಕೊಡೆ.”

ಏಪ್ರಿಲ್ 19, ಭಾನುವಾರ

ಪತ್ರಿಕೆ ಓದಲಿಲ್ಲ. ಬೆಳಿಗ್ಗೆ ತಂಗಿಯ ಜೊತೆ ಮೈದಾನಕ್ಕೆ ಹೋಗಿ ಸ್ಟಾಪ್‌ವಾಚ್ ಹಿಡಿದೆ. ಅವಳು ಹನ್ನೊಂದೂ ಹುಡುಗಿಯರನ್ನು ಓಟದ ದಾರಿಯಲ್ಲಿ ಪೂರ್ತಿ ನಡೆಸಿಕೊಂಡು ಹೋದಳು. ಇದು ಮೂರನೆಯ ಸಲವಂತೆ. ಪ್ರತಿ ತಿರುವಿನಲ್ಲೂ ನಿಲ್ಲಿಸಿ, “ಎಡ ಯಾವುದು? ಬಲ ಯಾವುದು? ಬಾಯಿಬಿಟ್ಟು ಹೇಳಿ” ಎಂದು ಹೇಳಿಸಿದಳು.

ಒಬ್ಬಳು, “ಟೀಚರ್, ಬಾವುಟ ಹಿಡಿದು ನಿಂತಿರ್ತಾರಲ್ಲ, ಸಾಕಲ್ವಾ?” ಎಂದಳು.

“ನಿಂತಿದ್ರೂ ನನಗೆ ಕಾಣಲಿಲ್ಲ ಕಣಮ್ಮ. ಯಾರೂ ಇಲ್ಲ ಅಂತಾನೇ ಕಂಡಿತ್ತು. ಮನುಷ್ಯನ ಕಣ್ಣನ್ನ ನಂಬೋಕಾಗಲ್ಲ.”

ಹೊಸ ಊರಿಗೆ ಹೋದರೆ ತಂಗಿ ಈಗಲೂ ಮೂರು ಜನರನ್ನು ದಾರಿ ಕೇಳಿಯೇ ಹೆಜ್ಜೆ ಇಡುವುದು. ಬಸ್ಸು ಹತ್ತಿದ ಮೇಲೂ ಪಕ್ಕದವರನ್ನು ಕೇಳುತ್ತಾಳೆ. ನಾವು ಮನೆಯವರೆಲ್ಲ ಅದನ್ನು ಆಡಿಕೊಂಡು ನಕ್ಕಿದ್ದೇವೆ. ನಾನೂ.

ಏಪ್ರಿಲ್ 20, ಸೋಮವಾರ

ಬರೆಯುತ್ತೇನೆ.

ಆಗ ನಾನು ವೇಳಾಪಟ್ಟಿ ವಿಭಾಗಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಂಡದ್ದಕ್ಕೆಲ್ಲ ಲೆಕ್ಕ ಹಾಕುವ ಹುಮ್ಮಸ್ಸು. ಹುಡುಗಿಯರ ಓಟಕ್ಕೂ ಒಂದು ಪಟ್ಟಿ ಮಾಡಿಕೊಂಡಿದ್ದೆ: ಕಿಲೋಮೀಟರಿಗೆ ನಾಲ್ಕೂವರೆ ನಿಮಿಷ, ಏಳು ಹದಿನೆಂಟಕ್ಕೆ ಮೊದಲು ತಿರುವಿಗೆ ಯಾರೂ ಬರುವುದಿಲ್ಲ. ಏಳು ಹನ್ನೆರಡಕ್ಕೆ ಬ್ಯಾಂಡ್ ಶುರುವಾಯಿತು. ಪಾರ್ಕು ನೂರೈವತ್ತು ಹೆಜ್ಜೆ. ನಾಲ್ಕು ನಿಮಿಷ ನೋಡಿ ಬಂದರೂ ಎರಡು ನಿಮಿಷ ಉಳಿಯುತ್ತದೆ ಎಂದು ಹೋದೆ.

ತಂಗಿ ನನ್ನ ಪಟ್ಟಿಗಿಂತ ಎರಡು ನಿಮಿಷ ಬೇಗ ಓಡಿದಳು. ಅವಳು ಅಷ್ಟು ಓಡಬಲ್ಲಳು ಎಂದು ನನಗೆ ತೋಚಿರಲಿಲ್ಲ.

ನಾನು ಓಡೋಡಿ ವಾಪಸು ಬಂದಾಗ ಎರಡನೆಯವಳು ದೂರದಲ್ಲಿ ಕಂಡಳು. ಬಾವುಟ ಬಿಚ್ಚಿ ಬಲಕ್ಕೆ ತೋರಿಸಿದೆ. ಎಲ್ಲರಿಗೂ ತೋರಿಸಿದೆ. ಆದ್ದರಿಂದಲೇ ಎಲ್ಲರೂ ನನ್ನನ್ನು ಕಂಡಿದ್ದರು. ತೀರ್ಪುಗಾರರು ಕೇಳಿದಾಗ, “ನಿಂತಿದ್ದೆ ಸಾರ್, ಅವಳು ನೋಡಲಿಲ್ಲ” ಎಂದೆ. ಬಿಸಿಲಿನ ಮಾತು ಆಮೇಲೆ, ಅವಳು ಅಳುವಾಗ ಸಮಾಧಾನಕ್ಕೆಂದು ಹೇಳಿದ್ದು.

ಇಷ್ಟು ವರ್ಷ ಮರೆತುಹೋಗಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಮರೆತಿರಲಿಲ್ಲ.

ಏಪ್ರಿಲ್ 21, ಮಂಗಳವಾರ

ಫೋಟೋ ಬಂತು. “ಮೊದಲ ಓಟದ ಬೆಳಿಗ್ಗೆ ಕೊಂಬಿನೊಳಗೆ ರಾಗ ಹುಡುಕುತ್ತಿರುವ ಕೊಡೆಯ ತರುಣ.”

ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. “ರೀ, ಇದು ನೀವಲ್ವಾ? ಕಿವಿ ನೋಡಿ, ನಿಮ್ಮದೇ. ಅಲ್ಲಾ, ಮಳೆ ಇಲ್ಲದ ಏಪ್ರಿಲ್ ಬೆಳಿಗ್ಗೆ ಕೊಡೆ ಯಾಕ್ರೀ ಹಿಡ್ಕೊಂಡಿದ್ರಿ?”

ಅವಳು ಫೋಟೋದ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಪತ್ರಿಕೆ ಮಡಿಸಿಟ್ಟಳು. ಆಗ ಎಲ್ಲ ಹೇಳಿದೆ.

“ನನಗೆ ಹೇಳಿ ಏನು ಪ್ರಯೋಜನ? ಅವಳ ಮನೆ ಎರಡು ಬೀದಿ ಆಚೆ ಇದೆ” ಎಂದಳು.

ತಂಗಿ ನೆಲದ ಮೇಲೆ ಕೂತು ಓಟದ ನಂಬರಿನ ಬಟ್ಟೆಗಳಿಗೆ ಪಿನ್ನು ಹಾಕುತ್ತಿದ್ದಳು. ಹೇಳಿ ಮುಗಿಸುವವರೆಗೂ ಕೈ ನಿಲ್ಲಲಿಲ್ಲ. ಆಮೇಲೆ ನಿಂತಿತು.

“ನಾನು ಕೂಗಿದ್ದು ಕೇಳಿಸಲಿಲ್ವಾ?”

“ಕೂಗಿದ್ಯಾ?”

“ತಿರುವಿಗೆ ಬಂದು ನಿಂತೆ. ‘ಯಾವ ಕಡೆ’ ಅಂತ ಕೂಗಿದೆ. ಎರಡು ಸಲ ಕೂಗಿದೆ. ದೊಡ್ಡ ರಸ್ತೆ ಎಡಕ್ಕಿತ್ತು, ಅದೇ ಇರಬೇಕು ಅಂತ ಹೋದೆ.”

“ಬ್ಯಾಂಡ್ ಬಾರಿಸ್ತಿತ್ತು ಕಣೇ.”

“ಯಾರೂ ಇರಲಿಲ್ಲ ಅಂತ ತೀರ್ಪುಗಾರರಿಗೆ ಬರೆದುಕೊಟ್ಟೆ. ಅಮ್ಮನ ಹತ್ರಾನೂ ಹೇಳಿದೆ. ‘ಅಣ್ಣ ಅಲ್ಲೇ ಇದ್ದನಲ್ಲೇ’ ಅಂದ್ಲು. ಎಲ್ಲರೂ ಹಂಗೇ ಅಂದ್ರು. ಆಮೇಲೆ ನಾನೂ ಹಂಗೇ ಅನ್ನೋಕೆ ಶುರುಮಾಡಿದೆ.” ಒಂದು ಪಿನ್ನನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. “ನನ್ನ ತಲೆಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣೋ. ನಲವತ್ತೊಂದು ವರ್ಷ. ಕಾರ್ ಕಲಿಯಲಿಲ್ಲ. ಹುಡುಗಿಯರನ್ನ ಒಬ್ಬಳೇ ಕೂಟಕ್ಕೆ ಕರ್ಕೊಂಡು ಹೋಗೋ ಧೈರ್ಯ ಬರಲಿಲ್ಲ.”

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

“ಬೇಡ, ಏನೂ ಹೇಳಬೇಡ. ಪತ್ರಿಕೆಗೆ ಇನ್ನೂರು ಪತ್ರ ಬರೆದ್ಯಲ್ಲ, ಇದನ್ನೂ ಬರಿ. ನನಗೆ ಹೇಳಿದ್ದಾಯ್ತು, ಊರಿಗೆ ಯಾರು ಹೇಳ್ತಾರೆ? ಈಗ ಹೋಗು. ಹೋಗುವಾಗ ಬಾಗಿಲು ಎಳ್ಕೋ.”

ಏಪ್ರಿಲ್ 22, ಬುಧವಾರ

ತಂಗಿ ಫೋನ್ ತೆಗೆಯಲಿಲ್ಲ. ಮೂರು ಸಲ ಮಾಡಿದೆ.

ಏಪ್ರಿಲ್ 23, ಗುರುವಾರ

ಪತ್ರಿಕಾ ಕಚೇರಿಗೆ ಹೋಗಿ ಉಪಸಂಪಾದಕಿಯ ಮೇಜಿನ ಮೇಲೆ ಪತ್ರ ಇಟ್ಟೆ. ಒಂದೇ ಪುಟ. ಓದಿದಳು. ಫೋಟೋ ತೆಗೆದು ನೋಡಿದಳು.

“ಅಂದ್ರೆ ಇದು ಕೊಡೆ ಅಲ್ಲ.”

“ಅಲ್ಲ. ನಾನು ಸುಳ್ಳು ಹೇಳಿದೆ.”

ಫೋಟೋವನ್ನು ಬೋರಲು ಇಟ್ಟಳು. “ಆರು ವರ್ಷ ನಗಿಸಿದ್ದೀನಲ್ಲ ಸರ್ ಇದನ್ನಿಟ್ಕೊಂಡು” ಎಂದು ಎದ್ದು ಸಂಪಾದಕರ ಕೋಣೆಗೆ ಹೋದಳು. ಗಾಜಿನ ಆಚೆ ಕೈ ಆಡಿಸುತ್ತಾ ಮಾತಾಡುವುದು ಕಂಡಿತು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಓಟ ಮುಗಿದ ಮೇಲೆ ವಾಚಕರ ವಾಣಿಯಲ್ಲಿ ಐವತ್ತು ಪದಕ್ಕೆ ಇಳಿಸಿ ಹಾಕುತ್ತಾರಂತೆ. ಓಟದ ದಿನದ ಜಾಹೀರಾತೆಲ್ಲ ಸಮಿತಿಯವರದು, ಅವರಿಗೆ ಮುಜುಗರ ಆಗಬಾರದಂತೆ.

ಔಷಧಿ ಅಂಗಡಿಗೂ ಹೋದೆ. ಕಾರ್ಯದರ್ಶಿ ಯಾರಿಗೋ ಮಾತ್ರೆ ಕತ್ತರಿಸಿ ಕೊಡುತ್ತಾ, “ಹಳೇ ಕಥೆ ಯಾಕೆ ಸಾರ್ ಈಗ? ಅಣ್ಣ ತಂಗಿ ವಿಷಯ, ಮನೆಯೊಳಗೇ ಮುಗಿಸ್ಕೊಳ್ಳಿ” ಎಂದ.

ಮನೆಯೊಳಗೆ ಮುಗಿಸಿದ್ದರಿಂದಲೇ ಹೀಗಾಯಿತು. ಅವಳು ಸೋತದ್ದು ಬೀದಿಯಲ್ಲಿ.

ಏಪ್ರಿಲ್ 24, ಶುಕ್ರವಾರ

ಬೆಳಿಗ್ಗೆ ಬರೆದು ಪ್ರತಿ ತೆಗೆದ ಪತ್ರ ಇದು. ಒಂದನ್ನು ಸಂಪಾದಕರಿಗೆ, ಒಂದನ್ನು ಸಮಿತಿಗೆ ಕೈಯಾರೆ ಕೊಟ್ಟೆ. ಒಂದನ್ನು ನೀರಿನ ಟ್ಯಾಂಕಿನ ಗೋಡೆಗೆ ಅಂಟಿಸಿದೆ. ಅಂಟಿಸುವಾಗ ಉಪಸಂಪಾದಕಿ ಬಂದು ಇನ್ನೊಂದು ತುದಿ ಹಿಡಿದುಕೊಂಡಳು. ಸಂಜೆಯೊಳಗೆ ಅದರ ಮುಂದೆ ಜನ ಗುಂಪು ಕಟ್ಟಿದ್ದರಂತೆ. ಹೆಂಡತಿ ನೋಡಿ ಬಂದು ಹೇಳಿದಳು. ತಂಗಿಯೂ ಅಲ್ಲಿ ನಿಂತು ಓದುತ್ತಿದ್ದಳಂತೆ.

“ಸಂಪಾದಕರಿಗೆ ಮತ್ತು ಓಟದ ಸಮಿತಿಗೆ,

ನಲವತ್ತೊಂದು ವರ್ಷಗಳ ಹಿಂದೆ, ಏಪ್ರಿಲ್ ಹತ್ತರ ಬೆಳಿಗ್ಗೆ ಏಳು ಗಂಟೆ ಹದಿನಾರು ನಿಮಿಷಕ್ಕೆ ನೀರಿನ ಟ್ಯಾಂಕ್ ತಿರುವಿನಲ್ಲಿ ಬಾವುಟ ಹಿಡಿದು ಯಾರೂ ನಿಂತಿರಲಿಲ್ಲ. ನಿಲ್ಲಬೇಕಾದವನು ನಾನು, ಪಾರ್ಕಿನಲ್ಲಿದ್ದೆ. ಮಂಗಳವಾರದ ನಿಮ್ಮ ಫೋಟೋದಲ್ಲಿ ಇರುವವನು ನಾನೇ, ಕಂಕುಳಲ್ಲಿರುವುದು ಬಾವುಟ. ಮುಂದಿದ್ದ ಓಟಗಾರ್ತಿ ದಾರಿ ತಪ್ಪಲಿಲ್ಲ. ಅವಳಿಗೆ ದಾರಿ ತೋರಿಸಲಿಲ್ಲ. ತಿರುವು ಖಾಲಿ ಇತ್ತೆಂದು ಅವಳು ಅಂದೇ ಬರೆದುಕೊಟ್ಟಿದ್ದಳು. ನಾನು ಸುಳ್ಳು ಹೇಳಿದೆ, ತೀರ್ಪುಗಾರರು ನನ್ನನ್ನು ನಂಬಿದರು.

ಇದನ್ನು ನಾಳಿನ ಸಂಚಿಕೆಯಲ್ಲಿ, ಐದನೇ ಪುಟದಲ್ಲಿ, ಆರು ವರ್ಷ ಅವಳನ್ನು ನೋಡಿ ನಕ್ಕ ಅದೇ ಜಾಗದಲ್ಲಿ, ಒಂದು ಪದವನ್ನೂ ಇಳಿಸದೆ ಹಾಕಬೇಕು. ಭಾನುವಾರ ಓಟ ಶುರುವಾಗುವ ಮೊದಲು ಸಮಿತಿಯವರು ನನ್ನನ್ನು ವೇದಿಕೆಗೆ ಕರೆದು, ಎಲ್ಲರಿಗೂ ಕೇಳುವಂತೆ ಧ್ವನಿವರ್ಧಕದಲ್ಲಿ ಕೇಳಬೇಕು: ಆ ಹೊತ್ತಿನಲ್ಲಿ ನೀನು ಎಲ್ಲಿದ್ದೆ? ನಾನು ಉತ್ತರ ಹೇಳುತ್ತೇನೆ. ಅದಾದ ಮೇಲೆ, ಹತ್ತೊಂಬತ್ತು ವರ್ಷದ ಹುಡುಗಿ ಬರೆದುಕೊಟ್ಟ ಮಾತನ್ನು ಅಂದು ಯಾಕೆ ನಂಬಲಿಲ್ಲ, ಇಂದು ಅವಳ ಕೈಯಿಂದ ಬಾವುಟವನ್ನು ಯಾಕೆ ಕಿತ್ತುಕೊಂಡಿರಿ ಎಂಬುದಕ್ಕೆ ನೀವು ಅದೇ ಧ್ವನಿವರ್ಧಕದಲ್ಲಿ, ಅದೇ ಜನರ ಎದುರು ಉತ್ತರ ಕೊಡಬೇಕು.”